ಅಂಗೈಯ ಹಳದಿ ಕಲೆ

ಹತ್ತುತ್ತದೆ, ಆರುತ್ತದೆ, ಔಷಧಿ ಅಂಗಡಿಯ ಬಾಗಿಲ ಮೇಲಿನ ಆ ಹಸಿರು ದೀಪ, ಅದರ ಬೆಳಕು ಗಾಜಿನ ಕೌಂಟರಿನ ಮೇಲೆ ಬಿದ್ದು ಈಜುಕೊಳದ ತಳದಲ್ಲಿ ಬಿಸಿಲು ಅಲುಗುವ ಹಾಗೆ ಅಲುಗುತ್ತಿದೆ — ನೀರು, ಎಷ್ಟು ಕಾಲವಾಯಿತು ನೀರಿಗಿಳಿದು, ಕಂಬಿ ಹಿಡಿದು ಒಂದೊಂದೇ ಕಾಲು ಇಳಿಸಿದರೆ ನೀರು ಮಂಡಿಗೆ ಬರುವಷ್ಟರಲ್ಲೇ ನೋವು ನಾಚಿಕೊಂಡು ಹಿಂದೆ ಸರಿಯುತ್ತಿತ್ತು, ಎದೆಯವರೆಗೆ ಬಂದರೆ ನಾನು ಯಾರ ತಾಯಿಯೂ ಅಲ್ಲ, ಯಾರ ಅತ್ತೆಯೂ ಅಲ್ಲ, ಸುಮ್ಮನೆ ತೇಲುವ ಒಂದು ಜೀವ. ಅತ್ತೆ, ನೀವು ಆ ಸ್ಟೂಲ್ ಮೇಲೆ ಕೂತ್ಕೊಳಿ, ನಾನು ಕೇಳ್ತೀನಿ. ಸೊಸೆ ಕರವಸ್ತ್ರದಿಂದ ಸ್ಟೂಲಿನ ಧೂಳು ಒರೆಸುತ್ತಾಳೆ, ಅದು ಅಲುಗಾಡುತ್ತದೋ ಎಂದು ಒಮ್ಮೆ ಒತ್ತಿ ನೋಡುತ್ತಾಳೆ, ಒಳ್ಳೆಯ ಹುಡುಗಿ, ಅದೇ ತೊಂದರೆ, ಕೆಟ್ಟವಳಾಗಿದ್ದರೆ ಎಂದೋ ಜಗಳವಾಡಿ ನನ್ನ ಈಜುಕೊಳದ ಪಾಸನ್ನು ಕಿತ್ತುಕೊಳ್ಳುತ್ತಿದ್ದೆ, ಅದು ಅಲ್ಲೇ ಇದೆ, ಅವಳ ಕೈಚೀಲದ ಮುಂದಿನ ಜೇಬಿನಲ್ಲಿ, ನೀಲಿ ಕಾರ್ಡು, ಅದರಲ್ಲಿ ನನ್ನ ಒದ್ದೆಗೂದಲಿನ ಫೋಟೋ. ಮರೆವಿಗೆ ಏನಾದ್ರೂ ಒಳ್ಳೇದಿದ್ಯಾ, ವಯಸ್ಸಾದವರಿಗೆ, ಮಂಡಿಗೂ ಒಂದು ಬೇಕು. ದನಿ ಇಳಿಸಿ ಕೇಳುತ್ತಿದ್ದಾಳೆ, ಮರೆವಿನವರಿಗೆ ಕಿವಿಯೂ ಹೋಗಿರುತ್ತದೆ ಎಂದು ಯಾರು ಹೇಳಿಕೊಟ್ಟರೋ. ಅಂಗಡಿಯವನು ಡಬ್ಬಿಗಳನ್ನು ಸಾಲಾಗಿ ಇಡುತ್ತಾನೆ, ಒಂದರ ಮೇಲೆ ನನ್ನ ಪ್ರಾಯದವಳೊಬ್ಬಳು ಬೆಟ್ಟದ ತುದಿಯಲ್ಲಿ ಕೈ ಚಾಚಿ ನಗುತ್ತಿದ್ದಾಳೆ, ಕೂದಲಿಗೆ ಎಪ್ಪತ್ತು, ಹಲ್ಲಿಗೆ ಹದಿನೆಂಟು, ಈ ಡಬ್ಬಿ ನುಂಗಿ ಬೆಟ್ಟ ಹತ್ತಿದಳೋ, ಬೆಟ್ಟದ ಮೇಲೆ ಕೂರಿಸಿ ಡಬ್ಬಿ ಕೊಟ್ಟರೋ, ನನಗೆ ಬೆಟ್ಟ ಬೇಡ ತಾಯಿ, ನನಗೆ ನೀರು ಬೇಕು, ಬೆಳಿಗ್ಗೆಯ ನೀರು, ಇನ್ನೂ ಯಾರೂ ಕಲಕದೆ ಇರುವ ನೀರು, ಅದಕ್ಕೆ ಬದಲಾಗಿ ಬೆಳಿಗ್ಗೆ ಎದ್ದರೆ ಕಣ್ಣೆದುರಿಗೆ ಬರುವುದು ಅಂಗೈ, ಸೊಸೆಯ ಅಂಗೈ, ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಬಂದು ಚಾಚುವ ಒದ್ದೆ ಅಂಗೈ, ಅದರಲ್ಲಿ ಬಿಳಿಯದೊಂದು ಹಳದಿಯದೊಂದು ಮಾತ್ರೆ, ಇನ್ನೊಂದು ಕೈಯಲ್ಲಿ ಬೆಚ್ಚಗಿನ ನೀರು, ನಾನು ತಡಮಾಡಿದಷ್ಟೂ ಹಳದಿ ಬಣ್ಣ ಕರಗಿ ಅವಳ ಅಂಗೈ ಗೆರೆಗಳಿಗೆ ಇಳಿಯುತ್ತದೆ, ಅದನ್ನು ನೋಡಲಾರದೆ ನುಂಗಿಬಿಡುತ್ತೇನೆ.

ಮರೆವು ಎಂದರೆ ಆ ಒಂದು ಬೆಳಗಿನ ಕಥೆ, ಅದನ್ನೇ ಮನೆಯಲ್ಲಿ ಹಿಂದೆ ಮುಂದೆ ಎಳೆದು ಎಷ್ಟು ಉದ್ದ ಮಾಡಿದರು, ಈಜಿ ಮೇಲೆ ಬಂದವಳು ಬಟ್ಟೆ ಬದಲಿಸುವ ಕೋಣೆಯ ಬೀರುಗಳ ಸಾಲಿನ ಮುಂದೆ ನಿಂತೆ, ನನ್ನ ಬಟ್ಟೆ ಯಾವುದರಲ್ಲಿದೆ ಎಂಬುದು ಹೊಳೆಯಲಿಲ್ಲ, ಬಾಯಿ ಒಣಗಿ ಕಟ್ಟಿಗೆಯಾಗಿತ್ತು, ಹೊಟ್ಟೆ ತೊಳಸುತ್ತಿತ್ತು, ಬೀರುಗಳೆಲ್ಲ ಒಂದೇ ತರಹ ಕಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ, ಕೊಳ ನೋಡಿಕೊಳ್ಳುವಾಕೆ ಓಡಿ ಬಂದು ತನ್ನ ಒಣ ಟವೆಲನ್ನೇ ಹೊದಿಸಿದಳು, ಪಾಪ, ದಿನಾ ನಾನು ನೀರಿನಲ್ಲಿರುವಾಗ ನನ್ನ ಚಪ್ಪಲಿಗಳನ್ನು ತಿರುಗಿಸಿ ಇಡುತ್ತಿದ್ದವಳು ಅವಳೇ, ಮೇಲೆ ಬಂದಾಗ ಮಂಡಿ ತಿರುಚಿ ಹಿಂದಕ್ಕೆ ತಿರುಗದೆ ಹಾಗೇ ಕಾಲು ತೂರಿಸಲಿ ಎಂದು, ಒಂದು ದಿನವೂ ಬಾಯಿ ಬಿಟ್ಟು ಹೇಳಿದವಳಲ್ಲ, ನಾನೂ ಥ್ಯಾಂಕ್ಸ್ ಅಂದರೆ ಅವಳಿಗೆ ಮುಜುಗರವಾದೀತೆಂದು ಸುಮ್ಮನಿದ್ದೆ. ಅವಳೇ ಮಗನಿಗೆ ಫೋನು ಮಾಡಿದ್ದು. ಅಮ್ಮ, ಇನ್ಮೇಲೆ ಸಾಕು, ಪಾಸು ನಿನ್ನ ಸೊಸೆ ಹತ್ರ ಇರಲಿ, ಮೊದಲು ಆರೋಗ್ಯ ಸುಧಾರಿಸಲಿ. ಸುಧಾರಿಸಲಿ ಎಂದು ಹೇಳಿ ಅವತ್ತೇ ರಾತ್ರಿ ಹಾಲಿನ ಜೊತೆ ಮತ್ತೆ ಆ ಮೃದುವಾದ ಎಣ್ಣೆ ಗುಳಿಗೆ ಕೊಟ್ಟ, ಸುಮಾರು ತಿಂಗಳುಗಳಿಂದ ಕೊಡುತ್ತಿದ್ದಾನೆ, ದಿನಾ, ಬಾಗಿಲು ಸದ್ದಾಗದ ಹಾಗೆ ಮುಂದಕ್ಕೆ ಮಾಡಿ, ಅವಳಿಗೆ ಹೇಳ್ಬೇಡಮ್ಮ, ನಾನ್ ಕೊಡೋದು ಸಾಲ್ಲ ಅಂತ ನೀವೇ ತಂದ್ರಾ ಅಂತ ಶುರು ಹಚ್ಕೋತಾಳೆ. ಮಗಳದು ಇನ್ನೊಂದು, ಅವಳು ಅಂಚೆಯಲ್ಲಿ ಕಳಿಸುವ ಕೀಲಿನ ಪುಡಿ, ಮಧ್ಯಾಹ್ನ ಫೋನು ಮಾಡಿ ಕುಡಿದೆಯಾ ಎಂದು ಕೇಳಿ ನಾನು ಕುಡಿಯುವ ಸದ್ದು ಕೇಳಿಸಿಕೊಂಡೇ ಇಡುವವಳು, ಅತ್ತಿಗೆ ಮುಂದೆ ಎತ್ತಬೇಡ ಅಮ್ಮ, ಅವಳನ್ನ ನಂಬಲ್ಲ ಅಂದ್ಕೊಂಡಾಳು. ನಮ್ಮ ಮನೆಯವರೇ ಹೀಗೆ, ಜಗಳ ಎಲ್ಲರೂ ಕೂತು ಆಡುತ್ತಾರೆ, ಪ್ರೀತಿ ಮಾತ್ರ ಕಳ್ಳಸಾಗಣೆ. ನಾನು ಯಾರದನ್ನೂ ಬೇಡ ಎನ್ನಲಿಲ್ಲ, ಬೇಡ ಎಂದರೆ ಮಾತ್ರೆ ಬೇಡ ಎಂದು ಯಾರಿಗೆ ಕೇಳಿಸುತ್ತದೆ, ನೀನು ಬೇಡ ಎಂದೇ ಕೇಳಿಸುತ್ತದೆ, ಹಾಗಾಗಿ ಬೆಳಿಗ್ಗೆ ಸೊಸೆಯದನ್ನು, ಮಧ್ಯಾಹ್ನ ಮಗಳದನ್ನು, ರಾತ್ರಿ ಮಗನದನ್ನು ನುಂಗಿ ಮೂವರ ಮನಸ್ಸೂ ತಣ್ಣಗಿಟ್ಟೆ, ನಾನೊಬ್ಬಳು ಉರಿದುಹೋದೆ, ಆ ದಾಹ, ಎಷ್ಟು ನೀರು ಕುಡಿದರೂ ಮುಗಿಯದ ದಾಹ, ವಯಸ್ಸು ಅಂದರು, ಸಿಡುಕಿದರೆ ವಯಸ್ಸು, ಊಟ ಸೇರದಿದ್ದರೆ ವಯಸ್ಸು, ವಯಸ್ಸು ಎನ್ನುವುದು ಎಂಥ ಅನುಕೂಲದ ಗೋಣಿಚೀಲ, ಏನು ಬೇಕಾದರೂ ತುಂಬಬಹುದು.

ಅತ್ತೆ, ಖಾಲಿ ಬಾಟಲು ತಂದಿದೀರಲ್ಲ, ಕೊಡಿ, ಅದೇ ತಗೊಳೋಣ. ನನ್ನ ಬಟ್ಟೆ ಚೀಲ. ಅವಳು ತರಲು ಹೇಳಿದ್ದು ತನ್ನ ಎರಡು ಬಾಟಲು ಮಾತ್ರ, ನಾನು ನನ್ನ ಕೋಣೆಯ ಬೀರುವಿನ ಮೇಲಿನ ಹಲಗೆಯನ್ನೇ ಬಳಿದು ಹಾಕಿಕೊಂಡು ಬಂದಿದ್ದೇನೆ, ಮಗನದು ಮಗಳದು ಎಲ್ಲ, ಬೇಕೆಂತಲೇ, ಇವತ್ತು ಯಾರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುವುದಿಲ್ಲ ಎಂದು ಚಪ್ಪಲಿ ಮೆಟ್ಟುವಾಗಲೇ ಅಂದುಕೊಂಡಿದ್ದೆ. ಒಂದೊಂದನ್ನೇ ಗಾಜಿನ ಮೇಲೆ ಇಟ್ಟೆ, ಸೊಸೆ ಇದ್ಯಾವುದು, ಇದೂ ಯಾವುದು ಎನ್ನುತ್ತಿದ್ದಾಳೆ, ಹಿಂದಿನ ಅಕ್ಷರ ಇರುವೆ ಕಾಲಿನಷ್ಟು, ಅಂಗಡಿಯವನು ಕೇಳದೆಯೇ ತನ್ನ ಭೂತಗನ್ನಡಿಯನ್ನು ನನ್ನ ಕಡೆ ಸರಿಸಿದ, ನೋಡಿ, ಇದೂ ಒಂದು ಉಪಕಾರವೇ, ಓದಿ ಹೇಳ್ತೀನಿ ಕೊಡಿ ಎನ್ನಲಿಲ್ಲ. ಓದಿದೆ. ಸೊಸೆಯ ಬಿಳಿ ಮಾತ್ರೆ, ಕ್ಯಾಲ್ಸಿಯಂ, ಜೊತೆಗೆ ವಿಟಮಿನ್ ಡಿ. ಅವಳದೇ ಹಳದಿಯದು, ಹತ್ತಾರು ವಿಟಮಿನ್ನು, ಅದರಲ್ಲೂ ಡಿ. ಮಗಳ ಪುಡಿ, ಕ್ಯಾಲ್ಸಿಯಂ, ಮತ್ತೆ ಡಿ. ಮಗನ ಎಣ್ಣೆ ಗುಳಿಗೆ, ಬರೀ ಡಿ, ಅದರ ಅಂಕಿ ಉಳಿದವಕ್ಕಿಂತ ಎಷ್ಟೋ ದೊಡ್ಡದು, ಕೆಳಗೆ ಬರೆದಿದೆ, ವಾರಕ್ಕೆ ಒಂದು. ವಾರಕ್ಕೆ. ಮಗನೇ, ನೀನು ಶಾಲೆಯಲ್ಲೂ ಪ್ರಶ್ನೆಯನ್ನು ಪೂರ್ತಿ ಓದುತ್ತಿರಲಿಲ್ಲ. ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳು, ಕೆಲವು ವಿಟಮಿನ್ನು ನೀರಿನಲ್ಲಿ ಕರಗಿ ಹೊರಟುಹೋಗುತ್ತವೆ, ಕೆಲವು ಕೊಬ್ಬಿನಲ್ಲಿ ಕೂತು ಮನೆ ಮಾಡುತ್ತವೆ ಎಂದು ಕಪ್ಪುಹಲಗೆಯ ಮೇಲೆ ಬರೆದವಳು, ಡಿ ಎರಡನೆಯ ಸಾಲಿನಲ್ಲಿತ್ತು, ನನ್ನದೇ ಕೈಬರಹ, ನನ್ನ ಹೊಟ್ಟೆಗೆ ಬರುವಾಗ ಮಾತ್ರ ಬಾಟಲು ತಿರುಗಿಸಿ ಓದಲಿಲ್ಲ. ಇದೆಲ್ಲ ಒಬ್ಬರೇ ತಗೊಂಡರೆ ಏನಾಗುತ್ತಪ್ಪಾ ಎಂದೆ. ಅಂಗಡಿಯವನ ಕೈ ಬಿಲ್ಲು ಯಂತ್ರದ ಮೇಲೆ ನಿಂತುಹೋಯಿತು. ಒಬ್ಬರೇನಾ ಅಮ್ಮ, ನಾನು ಮನೆಮಂದಿಗೆಲ್ಲ ಅಂದ್ಕೊಂಡೆ. ಒಬ್ಬಳೇ, ನಾನೇ, ದಿನಾ. ಅವನು ಬೆಟ್ಟದ ಮೇಲಿನ ಹೆಂಗಸನ್ನು ಡಬ್ಬಿ ಸಮೇತ ಎತ್ತಿ ಕಪಾಟಿಗೆ ಸೇರಿಸಿದ. ಬಾಯಿ ಒಣಗತ್ತಾ, ಹೊಟ್ಟೆ ತೊಳಸತ್ತಾ, ಒಂದೊಂದ್ಸಲ ಮಂಕು ಕವಿದ ಹಾಗೆ ಆಗತ್ತಾ. ಹೂಂ, ಹೂಂ, ಹೂಂ. ಎಲ್ಲಾ ನಿಲ್ಲಿಸಿ, ಇವತ್ತೇ ಡಾಕ್ಟರ್ ಹತ್ರ ಹೋಗಿ, ಈ ಬಾಟಲುಗಳನ್ನೂ ತಗೊಂಡೇ ಹೋಗಿ, ರಕ್ತದಲ್ಲಿ ಕ್ಯಾಲ್ಸಿಯಂ ನೋಡ್ಬೇಕು, ಡಿ ಹೆಚ್ಚಾದ್ರೆ ಅದು ಏರತ್ತೆ, ಏರಿದ್ರೆ ಹೀಗೆಲ್ಲ ಆಗತ್ತೆ, ಮರೆವಿನ ಮಾತ್ರೆ ನಾನಂತೂ ಕೊಡಲ್ಲ.

ಸೊಸೆ ಬಾಟಲುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಾಳೆ, ಗಂಡನದು, ನಾದಿನಿಯದು, ತನ್ನದು. ನಾನು ನಿಮ್ಗೆ ವಿಷ ಹಾಕ್ದೆನಾ ಅತ್ತೆ. ಹುಚ್ಚಿ, ನೀನೊಬ್ಬಳೇ ಹಾಕೋಕೆ ಇವರಿಬ್ಬರು ಬಿಡಬೇಕಲ್ಲ ಎಂದೆ, ಅಂಗಡಿಯವನು ಕೆಮ್ಮಿದ, ಅವಳು ನಗಲಿಲ್ಲ, ಬೇರೆ ದಿನವಾಗಿದ್ದರೆ ನಾನಿಲ್ಲಿಗೆ ನಿಲ್ಲಿಸುತ್ತಿದ್ದೆ, ಬೆನ್ನು ಸವರಿ ಹೋಗಲಿ ಬಿಡು ಎನ್ನುತ್ತಿದ್ದೆ, ಇನ್ನೊಂದು ಮಾತ್ರೆ ನುಂಗಿ ಎಂದರೆ ಅದನ್ನೂ ನುಂಗುತ್ತಿದ್ದೆ, ಇವತ್ತು ಇಲ್ಲ, ನನ್ನ ಒಳ್ಳೆಯತನವೇ ನನ್ನನ್ನು ಅವತ್ತು ಆ ಬೀರುಗಳ ಮುಂದೆ ನೆಲದ ಮೇಲೆ ಕೂರಿಸಿದ್ದು. ಸ್ಟೂಲು ಬಿಟ್ಟು ಎದ್ದೆ, ಮಂಡಿ ಕಟಕ್ಕೆಂದಿತು, ಅನ್ನಲಿ, ಅದರ ಮಾತು ಅದು ಆಡಲಿ. ಪಾಸು ಕೊಡು. ಈಗ್ಲಾ ಅತ್ತೆ, ಮೊದಲು ರಕ್ತ ಕೊಡೋಣ, ಆಮೇಲೆ ನೋಡೋಣ. ರಕ್ತ ನಾನು ಕೊಡ್ತೀನಿ, ಡಾಕ್ಟರ್ ಹೂಂ ಅನ್ನೋವರೆಗೆ ನೀರಿಗೂ ಇಳಿಯಲ್ಲ, ಆದರೆ ಪಾಸು ನನ್ನ ಹತ್ರ ಇರುತ್ತೆ, ಯಾವ ಬಾಟಲು ಒಳಗೆ ಹೋಗ್ಬೇಕು ಅನ್ನೋದೂ ಇನ್ಮೇಲೆ ನಾನೇ ಓದಿ ಹೇಳ್ತೀನಿ, ನನ್ನ ಮೈ ನಿಮ್ಮ ಮೂವರ ಡಬ್ಬಿ ಅಲ್ಲಮ್ಮ. ಕೈ ಚಾಚಿದೆ, ಅವಳು ದಿನಾ ಬೆಳಿಗ್ಗೆ ನನ್ನ ಮುಂದೆ ಚಾಚುವ ಹಾಗೆಯೇ, ಅಂಗೈ ಮೇಲೆ ಮಾಡಿ, ತೋಳು ನೋಯಲಿ, ಹಿಂದಕ್ಕೆ ತೆಗೆಯುವುದಿಲ್ಲ, ಹಿಂದೆ ಯಾರೋ ಸರದಿಗೆ ನಿಂತು ನಿಟ್ಟುಸಿರು ಬಿಡುತ್ತಿದ್ದಾರೆ, ಬಿಡಲಿ, ಹಸಿರು ಹತ್ತುತ್ತದೆ, ಆರುತ್ತದೆ, ಅಲ್ಲೆಲ್ಲೋ ಕೊಳದ ಅಂಚಿನಲ್ಲಿ ನನಗಾಗಿ ತಿರುಗಿಸಿಟ್ಟ ಚಪ್ಪಲಿ, ಮುಂದಿನ ಜೇಬಿನ ಜಿಪ್ಪು ಸರಿದ ಸದ್ದು, ನೀಲಿ ಕಾರ್ಡು, ಬೆಚ್ಚಗಿದೆ, ನನ್ನ ಕೈಗೆ ಬಂತು, ಬೆರಳು ಮುಚ್ಚಿ ಹಿಡಿದೆ, ನನ್ನದು, ಗೆದ್ದೆ, ಹಾಗಾದರೆ ಏಕೆ ನೋಡುತ್ತಿದ್ದೇನೆ, ಅವಳು ಕೈ ಹಿಂದಕ್ಕೆ ತೆಗೆದುಕೊಂಡಿಲ್ಲ, ಕೊಟ್ಟಾದ ಮೇಲೂ ಅದು ಹಾಗೇ ಗಾಜಿನ ಮೇಲೆ, ತೆರೆದು, ಬರಿದಾಗಿ, ನಡುವಿನ ಗೆರೆಯಲ್ಲಿ ಇವತ್ತು ಬೆಳಗಿನ ಹಳದಿ, ಇನ್ನೂ ತೊಳೆದಿಲ್ಲವೋ, ತೊಳೆದರೂ ಹೋಗಿಲ್ಲವೋ, ಹಸಿರು ಹತ್ತಿದರೂ ಹಳದಿ, ಆರಿದರೂ ಹಳದಿ, ಚಾಚಿದ ಅಂಗೈ, ಹಳದಿ, ಮುಚ್ಚುತ್ತಿಲ್ಲ —