ಮೂಗಿನಲ್ಲೊಂದು ವಿಷಲ್

ನಾನು ಒಂದು ಥರ್ಮಾಕೋಲ್ ವಿಮಾನ. ಮುಖ ಸಿಂಡರಿಸಬೇಡಿ. ಟೀವಿ ತಂದ ಪೆಟ್ಟಿಗೆಯೊಳಗೆ ಬಿಳಿ ಮಣಿಗಳ ಹಗುರ ವಸ್ತು ಇರುತ್ತದಲ್ಲ, ಅದೇ ನನ್ನ ಮೈ. ಅಂಥ ಲಕ್ಷ ಮಣಿಗಳನ್ನು ಅಚ್ಚಿನೊಳಗೆ ಸುರಿದು, ಬಿಸಿ ಹಬೆ ಬಿಟ್ಟು ಉಬ್ಬಿಸಿ, ಒಂದಕ್ಕೊಂದು ಅಂಟಿಸಿದಾಗ ನಾನು ಹುಟ್ಟಿದೆ. ಹೊಟ್ಟೆಯಲ್ಲಿ ಬ್ಯಾಟರಿ, ಮೂಗಿನಲ್ಲಿ ಮೋಟರು, ನೆಲದ ಮೇಲೆ ನಿಂತವನ ಕೈಯಲ್ಲಿ ರಿಮೋಟು. ಅವನು ತಿರುಗಿಸಿದ ಕಡೆ ನಾನು ತಿರುಗಬೇಕು. ಇದನ್ನು ಮೊದಲೇ ಹೇಳಿರುತ್ತೇನೆ, ಆಮೇಲೆ ನನ್ನನ್ನು ಬೈಯುವಿರಂತೆ.

ಮೈಸೂರಿನ ಒಬ್ಬ ಬ್ಯಾಂಕ್ ಮ್ಯಾನೇಜರು ನನ್ನನ್ನು ತರಿಸಿಕೊಂಡರು. ಭಾನುವಾರ ಮೈದಾನಕ್ಕೆ ಒಯ್ದು ಎರಡು ಸಲ ಹಾರಿಸಿದರು. ಮೂರನೆಯ ಸಲ ನಾನು ಹುಣಸೆಮರಕ್ಕೆ ಹೋಗಿ ಬಡಿದೆ. ಎಡ ರೆಕ್ಕೆ ತುಂಡಾಯಿತು. ಅವರ ಉತ್ಸಾಹವೂ ಅಲ್ಲಿಗೇ ಮುಗಿಯಿತು. ಮಿಕ್ಸಿ ರಿಪೇರಿಗೆ ಕೊಡಲು ಹೋದಾಗ ನನ್ನನ್ನೂ ಜೊತೆಗೆ ಒಯ್ದು, "ಇದನ್ನ ನೀವೇ ಇಟ್ಕೊಳ್ಳಿ ಸ್ವಾಮಿ" ಎಂದು ಬಿಟ್ಟುಬಂದರು. ಪುಣ್ಯಾತ್ಮ, ಬೀದಿಗೆ ಎಸೆದಿದ್ದರೂ ಚೆನ್ನಾಗಿತ್ತು.

ಮಿಕ್ಸಿ ರಿಪೇರಿಯವನ ಹೆಸರು ಸಣ್ಣಸ್ವಾಮಿ. ಮೋಟರಿಗೆ ತಂತಿ ಸುತ್ತುವುದರಲ್ಲಿ ನಿಸ್ಸೀಮ. ಅವನ ಜೀವವೆಲ್ಲ ಇದ್ದದ್ದು ತಾರಸಿಯ ಮೇಲಿನ ಪಾರಿವಾಳದ ಗೂಡಿನಲ್ಲಿ. ಆ ಕಡೆ ಪ್ರತಿ ಬೇಸಿಗೆಯಲ್ಲೂ ಪಾರಿವಾಳದ ಪಂದ್ಯ ನಡೆಯುತ್ತದೆ. ಒಂದು ಮನೆಗೆ ಒಂದು ಹಕ್ಕಿ. ಬೆಳಗ್ಗೆ ಆರೂವರೆಗೆ ಬಿಟ್ಟರೆ ಹೆಚ್ಚು ಹೊತ್ತು ಆಕಾಶದಲ್ಲಿದ್ದದ್ದು ಗೆದ್ದಂತೆ. ಆದರೆ ಕತ್ತಲಾಗುವುದರೊಳಗೆ ತನ್ನ ತಾರಸಿಗೇ ಇಳಿಯಬೇಕು. ಬೇರೆಯವರ ಮನೆ ಮೇಲೆ ಕೂತರೆ ಆಟ ರದ್ದು.

ಸಣ್ಣಸ್ವಾಮಿ ಆರು ವರ್ಷದಿಂದ ಸೋಲುತ್ತಲೇ ಬಂದಿದ್ದ. ಕಾರಣ ಬೂದಕ್ಕ ಎಂಬ ಪಾರಿವಾಳ. ಅವನ ಗೂಡಿನಲ್ಲಿ ಅಷ್ಟು ಚೆನ್ನಾಗಿ ಹಾರುವ ಹಕ್ಕಿ ಇನ್ನೊಂದಿರಲಿಲ್ಲ. ಆದರೆ ಅದು ಹೆಂಡತಿ ಚೆಲುವಮ್ಮ ಬಾಯಲ್ಲಿ ಕಾಳು ಅಗಿದು ತಿನ್ನಿಸಿ ಬದುಕಿಸಿದ ಹೆಣ್ಣು ಹಕ್ಕಿ. ಹತ್ತು ಗಂಟೆಗೆಲ್ಲ ಅವಳ ನೆನಪಾಗಿ, ಇಳಿದು ಬಂದು ಭುಜದ ಮೇಲೆ ಕೂರುತ್ತಿತ್ತು. ಚೆಲುವಮ್ಮನಿಗೆ ಮಕ್ಕಳಿರಲಿಲ್ಲ. ಅವಳು ಸೀರೆ ಸೆರಗಿನಿಂದ ಅದರ ಕೊಕ್ಕು ಒರೆಸುತ್ತಿದ್ದಳು.

"ಆಕಾಶದಲ್ಲಿರು ಅಂದ್ರೆ ಮಡ್ಲಲ್ ಬಂದ್ ಕೂತ್ಕತದೆ. ಈ ಸಲ ಇಳಿಯಕ್ಕೇ ಹೆದರಬೇಕು, ಹಂಗ್ ಮಾಡ್ತೀನಿ ನೋಡ್ತಿರು" ಎಂದು ಸಣ್ಣಸ್ವಾಮಿ ನನ್ನನ್ನು ಎತ್ತಿ ಅಡುಗೆಮನೆಗೆ ತಂದ.

ಅವನು ನನ್ನನ್ನು ಹದ್ದು ಮಾಡಲು ಹೊರಟಿದ್ದ. ತರಕಾರಿ ಹೆಚ್ಚುವ ಮಣೆಯ ಮೇಲೆ ಮಲಗಿಸಿ ಬ್ಲೇಡಿನಿಂದ ರೆಕ್ಕೆಯ ತುದಿ ಕೊಯ್ದು, ಬೆರಳು ಬೆರಳಾಗಿ ಸೀಳಿದ. ಮುರಿದ ಜಾಗಕ್ಕೆ ಹಳೇ ಕೊಡೆಯ ಕಡ್ಡಿ ತೂರಿಸಿದ. ಹದ್ದಿಗೆ ಮೂಗಿನಲ್ಲಿ ಪಂಕ ಇರುತ್ತದೆಯೇ? ಮೋಟರು ಕಿತ್ತು ಬೆನ್ನ ಮೇಲೆ ಕೂರಿಸಿದ. ಅಷ್ಟು ಜಾಣನಾಗಿದ್ದವನು ಬಣ್ಣದ ವಿಷಯದಲ್ಲಿ ಎಡವಿದ. ಗೇಟಿಗೆ ಹೊಡೆಯುವ ಸ್ಪ್ರೇ ಪೇಂಟನ್ನು ನನ್ನ ಬೆನ್ನಿಗೆ ಹೊಡೆದ. ಥರ್ಮಾಕೋಲಿಗೆ ಅದು ಆಗಿಬರುವುದಿಲ್ಲ. ನನ್ನ ಬೆನ್ನು ಕರಗಿ ಗುಂಡಿ ಬಿತ್ತು. ಅಂದಿನಿಂದ ನನ್ನ ಮಣಿಗಳು ಸಡಿಲವಾಗಿ, ಮುಟ್ಟಿದರೆ ಉದುರುವಂತಾದವು.

"ಅಯ್ಯಯ್ಯೋ, ತಿಂದಾಕ್ಬುಡ್ತು ಕಣಮ್ಮಿ!" ಎಂದು ಕೂಗಿದವನು, ಗುಂಡಿಯ ಮೇಲೆ ಕಂದು ಟೇಪು ಸುತ್ತಿ ಮಾರ್ಕರಿನಿಂದ ಪಟ್ಟೆ ಬರೆದ. ಕಣ್ಣಿಗೆ, ಚೆಲುವಮ್ಮ ಕನ್ನಡಿಗೆ ಅಂಟಿಸಿದ್ದ ಎರಡು ದೊಡ್ಡ ಬಿಂದಿ. ಕೊನೆಯದಾಗಿ, ಡ್ರಾಯರಿನಿಂದ ಒಂದು ಹಿತ್ತಾಳೆ ವಿಷಲ್ ತೆಗೆದು ನನ್ನ ಮೂಗಿಗೆ ತುರುಕಿದ. ನಾನು ವೇಗವಾಗಿ ಇಳಿಯುವಾಗ ಗಾಳಿ ನುಗ್ಗಿ ಅದು ಕಿರ್ರೋ ಎಂದು ಕಿರುಚಬೇಕು. ಅದರ ಜೋಡಿ ವಿಷಲ್ ಅವನ ಕೊರಳಲ್ಲೇ ಇತ್ತು. ಪಂದ್ಯದ ದಿನ ಹಕ್ಕಿಯನ್ನು ಇಳಿಸಲು ಅವನು ಊದುತ್ತಿದ್ದದ್ದು ಅದನ್ನೇ.

ಸುಳ್ಳು ಯಾಕೆ ಹೇಳಲಿ, ನನಗೆ ಹದ್ದಾದದ್ದು ಬಹಳ ಖುಷಿಯಾಯಿತು. ಹುಣಸೆಮರಕ್ಕೆ ಬಡಿದು ನಗೆಪಾಟಲಾಗಿದ್ದವನು ನಾನು. ಈಗ ನನ್ನನ್ನು ಕಂಡರೆ ಇಡೀ ಬೀದಿಯ ಹಕ್ಕಿಗಳು ಚದುರುತ್ತಿದ್ದವು. ತಾಲೀಮು ಶುರುವಾಯಿತು. ಬೂದಕ್ಕ ಹತ್ತು ಗಂಟೆಗೆ ತಾರಸಿಯ ಕಡೆ ಬಾಗಿದಳೋ, ನಾನು ಮೇಲಿನಿಂದ ಕಿರುಚುತ್ತ ಎರಗುತ್ತಿದ್ದೆ. ಅವಳು ಎದ್ದೆನೋ ಬಿದ್ದೆನೋ ಎಂದು ಮೇಲಕ್ಕೆ ಓಡುತ್ತಿದ್ದಳು. ಹನ್ನೊಂದಕ್ಕೆ ಮತ್ತೆ ಬರುವಳು. ಮತ್ತೆ ಓಡಿಸುತ್ತಿದ್ದೆ. ಒಂದು ದಿನ ಅವಳ ಬಾಲದ ಎರಡು ಗರಿ ನನ್ನ ಪಂಕಕ್ಕೆ ಸಿಕ್ಕಿ ಬಂದವು. ಸಣ್ಣಸ್ವಾಮಿ "ಭಲೇ ಮಗನೆ!" ಎಂದು ನನ್ನ ಬೆನ್ನು ತಟ್ಟಿದ. ನಾನು ಹಿಗ್ಗಿಹೋದೆ.

ಮಧ್ಯಾಹ್ನ ಅವನು ಅಂಗಡಿಗೆ ಹೋದ ಮೇಲೆ ಚೆಲುವಮ್ಮ ಮೇಲೆ ಬಂದು ಜೋಳದ ಡಬ್ಬ ಅಲ್ಲಾಡಿಸುತ್ತಿದ್ದಳು. ಆ ಸದ್ದಿಗೆ ಬೂದಕ್ಕ ಇಳಿದು ಬಂದು, ಕೊಕ್ಕು ತೆರೆದು ಏದುಸಿರು ಬಿಡುತ್ತ ಅವಳ ಕೈಯಲ್ಲಿ ಕೂರುತ್ತಿದ್ದಳು. ಹೀಗಾಗಿ ತಾಲೀಮಿನಲ್ಲಿ ಸಣ್ಣಸ್ವಾಮಿ ವಿಷಲ್ ಊದಿ ನೋಡುವ ಪ್ರಮೇಯವೇ ಬರಲಿಲ್ಲ.

ಪಂದ್ಯಕ್ಕೆ ಹತ್ತು ದಿನವಿರುವಾಗ ಬೂದಕ್ಕನ ಎರಡು ಮೊಟ್ಟೆ ಒಡೆದು ಮರಿಯಾದವು.

"ಈ ಸಲ ಬ್ಯಾಡ ಕನಿ. ಮರಿ ಅವೆ ಅವಳ್ಗೆ. ಬ್ಯಾರೆ ಹಕ್ಕಿ ಬುಡಿ" ಎಂದಳು ಚೆಲುವಮ್ಮ, ಪಂದ್ಯದ ಬೆಳಗ್ಗೆ.

"ಸುಮ್ಕಿರು. ಹೆಸರು ಕೊಟ್ಟಾಗದೆ. ಇವತ್ತು ನೀನು ಮ್ಯಾಲಕ್ಕೆ ಬರ್ಲೇಬ್ಯಾಡ. ನಿನ್ ಮೊಕ ಕಂಡ್ರೆ ಇಳ್ದ್ಬುಡ್ತದೆ" ಎಂದು ಅವನು ತಾರಸಿಗೆ ಬಂದು ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿದ.

ನನ್ನನ್ನು ಗೂಡಿನ ಪಕ್ಕ ಗೋಣಿಚೀಲದಡಿ ಬಚ್ಚಿಟ್ಟಿದ್ದ. ಒಂದು ಬಿಂದಿಕಣ್ಣು ಮಾತ್ರ ಹೊರಗಿತ್ತು. ಕ್ಲಬ್ಬಿನ ಅಂಪೈರ್ ನಜೀರ್ ಸಾಬರು ಕೊಡೆ ಬಿಚ್ಚಿ ಕುರ್ಚಿಯಲ್ಲಿ ಕೂತರು. ಬೂದಕ್ಕ ಹಾರಿದಳು. ಹತ್ತಾಯಿತು, ಹನ್ನೆರಡಾಯಿತು, ಎರಡಾಯಿತು. ತಾರಸಿಯ ಮೇಲೆ ಬರುವಳು, ನಾನಿರಬಹುದೆಂದು ಹೆದರಿ ಮೇಲೇರುವಳು. ಗೂಡಿನಲ್ಲಿ ಮರಿಗಳು ಕಿಚಿಕಿಚಿ ಎನ್ನುತ್ತಿದ್ದವು. ಮೂರೂವರೆಗೆ ಉಳಿದೆಲ್ಲ ಮನೆಗಳ ಹಕ್ಕಿ ಇಳಿದವೆಂದು ಸಾಬರಿಗೆ ಫೋನು ಬಂತು.

"ನಿಮ್ದೊಂದೇ ಉಳಿದಿರೋದು ಸ್ವಾಮಣ್ಣ. ಇಳಿಸ್ಕೊಳ್ಳಿ, ಗೆದ್ರಿ" ಎಂದರು.

ಸಣ್ಣಸ್ವಾಮಿ ಎದೆಯುಬ್ಬಿಸಿ ವಿಷಲ್ ಊದಿದ. ಬೂದಕ್ಕ ಬೆಚ್ಚಿ, ಮೋಡದ ಕಡೆಗೆ ಓಡಿದಳು. ಅವನು ಇನ್ನೂ ಜೋರಾಗಿ ಊದಿದ. ಅವಳು ಇನ್ನೂ ಮೇಲೆ ಹೋದಳು. ಅವಳಿಗೆ ಕೇಳುತ್ತಿದ್ದದ್ದು ನಾನು, ಸ್ವಾಮಿ! ಗೋಣಿಚೀಲದಡಿ ಬಿದ್ದಿದ್ದ ನನ್ನ ಕಿರುಚಾಟ ಅವನ ಬಾಯಿಂದ ಹೊರಡುತ್ತಿತ್ತು. ನನಗೆ ಅದು ಮೊದಲನೇ ಸಲಕ್ಕೇ ತಿಳಿಯಿತು. ಆ ದಡ್ಡನಿಗೆ ಐದೂವರೆಯಾದರೂ ತಿಳಿಯಲಿಲ್ಲ.

ಕೆಳಗಿನಿಂದ ಬಾಗಿಲು ಬಡಿದೂ ಬಡಿದೂ ಚೆಲುವಮ್ಮ ಚಿಲಕ ಕಿತ್ತುಕೊಂಡೇ ಬಂದಳು. ಕೈಯಲ್ಲಿ ಡಬ್ಬ. "ಬಾರವ್ವ, ಬಾ ನನ್ ಕಂದ" ಎಂದು ಅಲ್ಲಾಡಿಸಿದಳು. ಆಕಾಶದ ಚುಕ್ಕೆ ದೊಡ್ಡದಾಯಿತು. ಬೂದಕ್ಕ ರೆಕ್ಕೆ ಮಡಚಿ ಇಳಿದಳು. ತೆಂಗಿನ ಎತ್ತರ, ಆಮೇಲೆ ನೀರಿನ ಟ್ಯಾಂಕಿನ ಎತ್ತರ. ಚೆಲುವಮ್ಮ ಕೈ ಚಾಚಿದಳು. ಇನ್ನು ಎರಡು ಮಾರು.

ಆಗ ಸಣ್ಣಸ್ವಾಮಿ, ಖುಷಿ ತಡೆಯಲಾರದೆ, ಹುರಿದುಂಬಿಸಲೆಂದು ಇನ್ನೊಮ್ಮೆ ಊದಿದ.

ಬೂದಕ್ಕ ಗಕ್ಕನೆ ತಿರುಗಿದಳು. ಹೊರಳಿ ಏಳಲು ಶಕ್ತಿಯಿರಲಿಲ್ಲ. ಕರೆಂಟಿನ ತಂತಿಗೆ ಎದೆ ಹೊಡೆದು, ಪಕ್ಕದ ಮನೆಯ ಶೀಟಿನ ಮೇಲೆ ಧೊಪ್ಪೆಂದು ಬಿದ್ದಳು.

ಸಾಬರು ತಲೆ ತಗ್ಗಿಸಿ, "ಬೇರೆ ಮನೆ ಮೇಲೆ ಕೂತಿದೆ. ಬರ್ಕೋಬೇಕಾಗ್ತದೆ ಸ್ವಾಮಣ್ಣ" ಎಂದರು.

"ಕೂತಿಲ್ಲ ಸಾಬ್ರೆ, ಸತ್ತದೆ" ಎಂದಳು ಚೆಲುವಮ್ಮ. ಗಂಡನ ಕೊರಳಿನ ವಿಷಲ್ಲನ್ನು ನೋಡಿದಳು, ಗೋಣಿಚೀಲ ಸರಿಸಿ ನನ್ನ ಮೂಗನ್ನು ನೋಡಿದಳು. "ಓಡ್ಸಕ್ಕೂ ಇದೇ, ಕರಿಯಕ್ಕೂ ಇದೇನಾ?" ಅಷ್ಟು ಕೇಳಿ ಕೆಳಗೆ ಹೋದಳು. ಆಮೇಲೆ ಒಂದು ವಾರ ಗಂಡನ ಜೊತೆ ಮಾತಾಡಲಿಲ್ಲ, ತಾರಸಿಗೂ ಬರಲಿಲ್ಲ.

ಸಣ್ಣಸ್ವಾಮಿ ನನ್ನನ್ನು ಮೊಣಕಾಲಿಗೆ ಹಾಕಿ ಮುರಿದ. ಮೋಟರು, ವಿಷಲ್, ಟೇಪು ಎಲ್ಲ ಕಿತ್ತೆಸೆದ. ಆಮೇಲೆ ಏನನ್ನಿಸಿತೋ, ಅತ್ತುಕೊಂಡು ನನ್ನ ಹೊಟ್ಟೆಯ ಭಾಗವನ್ನು ತೊಟ್ಟಿಲಿನಂತೆ ಕೊರೆದು, ತಾಯಿಯಿಲ್ಲದ ಆ ಎರಡು ಮರಿಗಳಿಗೆ ಬೆಚ್ಚಗಿರಲೆಂದು ಗೂಡಿನಲ್ಲಿಟ್ಟ. ಈಗ ನಾನಿರುವುದು ಅಲ್ಲೇ. ಅವು ನನ್ನ ಮೇಲೆಯೇ ಮಲಗುತ್ತವೆ. ಅವುಗಳ ಮೈಯ ಬಿಸಿ ನನಗೆ ತಾಗುತ್ತದೆ, ನನಗೆ ನಾಚಿಕೆಯಾಗುತ್ತದೆ.

ಮರಿಗಳ ಅಪ್ಪ ಹಕ್ಕಿ ಒಂಟಿಯಾಗಿ ಅವಕ್ಕೆ ಉಣಿಸುತ್ತಿದೆ. ಚೆಲ್ಲಿದ ಬಿಳಿಜೋಳವನ್ನು ಅವಸರದಲ್ಲಿ ಆಯುತ್ತದೆ. ಅದರ ನಡುವೆ ನನ್ನ ಕರಗಿದ ಬೆನ್ನಿನಿಂದ ಉದುರಿದ ಬಿಳಿ ಮಣಿಗಳೂ ಇವೆ. ಅದಕ್ಕೆ ವ್ಯತ್ಯಾಸ ತಿಳಿಯದು. ಎಲ್ಲವನ್ನೂ ನುಂಗಿ, ಮರಿಗಳ ಬಾಯಿಗೆ ಕಕ್ಕುತ್ತದೆ. ಮರಿಗಳ ಹೊಟ್ಟೆಯಲ್ಲಿ ನಾನು ಕರಗುವುದಿಲ್ಲ, ಅರಗುವುದಿಲ್ಲ. ಬೇಡವೆಂದು ಕಿರುಚೋಣವೆಂದರೆ ಈಗ ನನ್ನ ಮೂಗಿನಲ್ಲಿ ವಿಷಲ್ ಇಲ್ಲ.

ಇವತ್ತು ಬೆಳಗ್ಗೆ ಚೆಲುವಮ್ಮ ಅಂದಿನ ಮೇಲೆ ಮೊದಲ ಸಲ ತಾರಸಿಗೆ ಬಂದಳು. ಸಣ್ಣಸ್ವಾಮಿ ಒಂದು ಮರಿಯನ್ನು ಎತ್ತಿ ಅವಳ ಅಂಗೈಯಲ್ಲಿಟ್ಟ. ಅವಳು ಅದರ ಕತ್ತಿನ ಕೆಳಗಿನ ಕಾಳಿನ ಚೀಲವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಎಷ್ಟೋ ದಿನದ ಮೇಲೆ ನಕ್ಕಳು.

"ತುಂಬ್ಕೊಂಡದೆ ಕನಿ," ಎಂದಳು, "ಹೊಟ್ಟೆ ತುಂಬ ತಿಂದದೆ."