ಪಿಸುಮಾತಿನ ಗೋಡೆಗೆ ಹನ್ನೊಂದು ಬೋರ್ಡು

ಮನೆಯಲ್ಲಿದ್ದರೆ ಕಿರುಚಬೇಕು, ಕೆಲಸಕ್ಕೆ ಹೋದರೆ ಪಿಸುಗುಟ್ಟಬೇಕು. ಗೈಡಮ್ಮನ ಗಂಟಲಿಗೆ ನಡುವಿನ ದಾರಿ ಎಂಬುದೇ ಇರಲಿಲ್ಲ.

ಮನೆಯಲ್ಲಿ ಕಿರುಚಬೇಕಾಗಿದ್ದು ಮಾವನ ಸಲುವಾಗಿ. ಗಾರೆ ಮೇಸ್ತ್ರಿಯಾಗಿ ಐವತ್ತು ವರ್ಷ ಗೋಡೆಗಳ ಜೊತೆ ಬಾಳಿದ ಮನುಷ್ಯನಿಗೆ ಈಚಿನ ಏಳೆಂಟು ವರ್ಷಗಳಿಂದ ಕಿವಿ ಮಂದವಾಗಿತ್ತು. ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದುಕೊಟ್ಟರೆ, ಅದು ಗುಂಯ್‌ಗುಡುತ್ತದೆಂದು ತೆಗೆದು ಸಾಬೂನಿನ ಡಬ್ಬಿಯಲ್ಲಿ ಇಟ್ಟುಬಿಟ್ಟಿದ್ದರು. ಬೆಳಗ್ಗೆ ಗೈಡಮ್ಮ "ಮಾವ, ಟೀ ಬೇಕಾ?" ಎಂದು ಮೂರನೇ ಸಲ ಕೂಗುವಷ್ಟರಲ್ಲಿ ಮೇಲಿನ ಮನೆಯಾಕೆ ಕಿಟಕಿಯಿಂದ "ನನಗೆ ಬೇಡಮ್ಮ, ಈಗ ತಾನೇ ಕುಡಿದೆ" ಎನ್ನುತ್ತಿದ್ದಳು. ಗಂಡ ಬಸ್ಸು ಓಡಿಸುವವನು, ಬೆಳಕು ಹರಿಯುವ ಮುಂಚೆಯೇ ಮನೆ ಬಿಟ್ಟಿರುತ್ತಿದ್ದ. ಹೀಗಾಗಿ ಕೂಗುವ ಕೆಲಸವೆಲ್ಲ ಅವಳ ಪಾಲಿಗೇ ಬಂದಿತ್ತು.

ಅಲ್ಲಿಂದ ಅವಳು ಗೈಡ್ ಕೆಲಸಕ್ಕೆ ಹೋಗುತ್ತಿದ್ದದ್ದು ಊರ ನಡುವಿನ ದುಂಡು ಕಟ್ಟಡಕ್ಕೆ. ನಾನೂರು ವರ್ಷದ ಹಿಂದೆ ನ್ಯಾಯ ಹೇಳಲೆಂದು ಕಟ್ಟಿಸಿದ ಸಭಾಂಗಣ ಅದು. ಒಳಗೆ ಒಂದೇ ಒಂದು ಕಂಬವಿಲ್ಲ. ದುಂಡಗಿನ ಗೋಡೆಯ ಮೇಲೆ ಒಂದೇ ದೊಡ್ಡ ಗುಮ್ಮಟ ಕವುಚಿ ಕೂತಿದೆ. ನೂರಾ ಹದಿನೆಂಟು ಮೆಟ್ಟಿಲು ಹತ್ತಿದರೆ ಗುಮ್ಮಟದ ಬುಡದಲ್ಲಿ ಸುತ್ತಲೂ ಒಂದು ಕಿರಿದಾದ ಮೊಗಸಾಲೆ. ಅಲ್ಲಿ ಗೋಡೆಗೆ ಬಾಯಿ ಹತ್ತಿರ ಇಟ್ಟು ಪಿಸುಗುಟ್ಟಿದರೆ, ನೂರಿಪ್ಪತ್ತು ಅಡಿ ಆಚೆ, ಎದುರು ಬದಿಯಲ್ಲಿ ಗೋಡೆಗೆ ಕಿವಿ ಕೊಟ್ಟು ನಿಂತವರಿಗೆ ಮಗ್ಗುಲಲ್ಲೇ ಯಾರೋ ಮಾತಾಡಿದಂತೆ ಕೇಳುತ್ತಿತ್ತು. ಜನ ದೂರದೂರದಿಂದ ಬರುತ್ತಿದ್ದದ್ದು ಅದಕ್ಕಾಗಿಯೇ.

ಗೈಡಮ್ಮ ಪ್ರತಿ ಗುಂಪಿಗೂ ಹೇಳುತ್ತಿದ್ದಳು: ಇಂಥ ಗೋಡೆ ಇಲ್ಲಿ ಮಾತ್ರ ಇರುವುದಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲಿದೆ, ವಿಜಯಪುರದ ಗೋಲ್ ಗುಮ್ಮಟದಲ್ಲಿದೆ, ಬೀಜಿಂಗಿನ ಸ್ವರ್ಗ ಮಂದಿರದ ಆವರಣದಲ್ಲಿ ಇಟ್ಟಿಗೆಯ ದುಂಡು ಗೋಡೆಯೊಂದಿದೆ. ಎಲ್ಲ ಕಡೆಯೂ ಗುಟ್ಟು ಒಂದೇ. ಗೋಡೆ ಒಳಬಾಗಿರಬೇಕು, ನುಣ್ಣಗಿರಬೇಕು, ನಡುವೆ ಏನೂ ಅಡ್ಡ ಇರಬಾರದು. ಆಗ ಸದ್ದು ಗೋಡೆಯನ್ನೇ ತಬ್ಬಿಕೊಂಡು ಓಡುತ್ತದೆ.

"ರಾಜ ಇಲ್ಲಿ ನಿಂತು ಪಿತೂರಿ ಮಾಡೋರ ಮಾತು ಕದ್ದು ಕೇಳ್ತಿದ್ದನಂತಲ್ಲ?" ಎಂದು ಗುಂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು.

"ಹಾಗಂತ ಯಾವ ದಾಖಲೇಲೂ ಇಲ್ಲ. ಪಿತೂರಿ ಮಾಡೋರು ಇಷ್ಟು ಮೆಟ್ಟಿಲು ಹತ್ತಿ ಬಂದು, ರಾಜನ ಗೋಡೆಗೇ ಬಾಯಿ ಇಟ್ಟು ಯಾಕೆ ಮಾತಾಡ್ತಾರೆ ಹೇಳಿ?" ಎನ್ನುತ್ತಿದ್ದಳು ಅವಳು. ಕೇಳಿದವರ ಮುಖ ಸಪ್ಪಗಾಗುತ್ತಿತ್ತು.

ಈ ಗೋಡೆಯ ನುಣುಪಿನಲ್ಲಿ ಮಾವನ ಕೈಯೂ ಇತ್ತು. ನಲವತ್ತು ವರ್ಷದ ಹಿಂದೆ ಸೋರುವ ನೀರಿಗೆ ಗಾರೆ ಉಬ್ಬಿ ಉದುರಿದಾಗ, ಅವರೂ ಇನ್ನು ನಾಲ್ವರೂ ಸೇರಿ ಎರಡು ವರ್ಷ ಕೂತು ಮೊಗಸಾಲೆಯ ಗೋಡೆಗೆ ಹೊಸದಾಗಿ ಸುಣ್ಣದ ಗಾರೆ ಕಟ್ಟಿದ್ದರು. ಒಂದರ ಮೇಲೊಂದು ಆರು ಪದರ. ಕೊನೆಯದನ್ನು ಮುಖ ಕಾಣುವಷ್ಟು ಹೊಳೆಯುವತನಕ ನುಣುಪುಗಲ್ಲಿನಿಂದ ಉಜ್ಜಿದ್ದರು. ಆ ಐವರಲ್ಲಿ ಈಗ ಉಳಿದಿದ್ದವರು ಮಾವ ಒಬ್ಬರೇ.

ಎಲ್ಲ ಸರಿಯಾಗಿಯೇ ಇತ್ತು, ಕಟ್ಟಡದ ಉಸ್ತುವಾರಿಗೆ ಹೊಸ ಸಾಹೇಬರು ಬರುವವರೆಗೆ.

ಜಗತ್ತಿನ ಪ್ರಸಿದ್ಧ ಕಟ್ಟಡಗಳ ಪಟ್ಟಿಗೆ ಈ ಕಟ್ಟಡವನ್ನೂ ಸೇರಿಸಬೇಕೆಂದು ಅರ್ಜಿ ಹೋಗಿತ್ತು. ಪರಿಶೀಲನೆಗೆ ಹೊರಗಿನಿಂದ ತಜ್ಞರು ಬರುವವರಿದ್ದರು. ಸಾಹೇಬರು ಮೊಗಸಾಲೆಯಲ್ಲಿ ಒಂದು ಸುತ್ತು ಹಾಕಿ, "ಏನ್ರಿ ಇದು, ಬೋಳು ಗೋಡೆ! ಮಾಹಿತಿ ಎಲ್ಲಿದೆ?" ಎಂದರು. ವಾರ ಕಳೆಯುವುದರೊಳಗೆ ಕಬ್ಬಿಣದ ಚೌಕಟ್ಟಿನ ಹನ್ನೊಂದು ಬೋರ್ಡುಗಳು ಬಂದವು. ಗೈಡಮ್ಮನ ವಾರದ ರಜೆಯ ದಿನ ನೋಡಿಕೊಂಡೇ ಡ್ರಿಲ್ಲಿಂಗ್ ಮಷೀನು ತಂದು, ಬೋರ್ಡಿಗೆ ನಾಲ್ಕರಂತೆ ತೂತು ಹೊಡೆದು, ಅವನ್ನು ಗೋಡೆಯ ಸುತ್ತಲೂ ಆಳೆತ್ತರದಲ್ಲಿ ಬಿಗಿದರು. ಕಟ್ಟಿಸಿದವರ ವಂಶವೃಕ್ಷ ಒಂದರಲ್ಲಿ, ಗುಮ್ಮಟದ ಅಳತೆ ಇನ್ನೊಂದರಲ್ಲಿ. ಆರನೆಯದರಲ್ಲಿ ಕಿವಿಯ ದೊಡ್ಡ ಚಿತ್ರ, ಕೆಳಗೆ "ಅದ್ಭುತ ಪಿಸುಮಾತನ್ನು ಇಲ್ಲಿ ಕೇಳಿರಿ" ಎಂಬ ಬರಹ.

ಮಾರನೆಯ ದಿನ ಗೈಡಮ್ಮ ಗುಂಪನ್ನು ಕರೆತಂದು ಒಬ್ಬರನ್ನು ಆ ಕಿವಿಯ ಚಿತ್ರದ ಬಳಿ ನಿಲ್ಲಿಸಿದಳು. ತಾನು ಎದುರು ಬದಿಗೆ ಹೋಗಿ ಎಂದಿನಂತೆ ಪಿಸುಗುಟ್ಟಿದಳು. ಅವರು ಪೆಚ್ಚಾಗಿ ತಲೆಯಾಡಿಸಿದರು. ಇನ್ನೊಮ್ಮೆ ಪಿಸುಗುಟ್ಟಿದಳು. ಊಹೂಂ. ಪಿಸುಮಾತು ಮೊದಲ ಬೋರ್ಡಿನ ಅಂಚಿಗೆ ತಗಲಿ ಅಲ್ಲೇ ಚದುರಿಹೋಗುತ್ತಿತ್ತು. ಪಿಸುಮಾತು ಕೇಳಿ ಎನ್ನುವ ಬೋರ್ಡೇ ಪಿಸುಮಾತಿನ ಕತ್ತು ಹಿಸುಕಿತ್ತು!

ಅವಳು ನೇರವಾಗಿ ಸಾಹೇಬರ ಕೋಣೆಗೆ ಹೋದಳು.

"ಸರ್, ಬೋರ್ಡು ಹಾಕಿದ ಮೇಲೆ ಸದ್ದು ಹೋಗ್ತಿಲ್ಲ."

"ನೀವು ಸರಿಯಾಗಿ ಪಿಸುಗುಟ್ಟಿದ್ರಾ?"

"ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡ್ತಿದೀನಿ ಸರ್."

"ಅಲ್ಲೇ ಇರೋದು ನೋಡಿ. ವಯಸ್ಸಾದ ಹಾಗೆ ದನಿ ಬೀಳತ್ತೆ. ಬರೆದು ಕೊಡಿ, ನೋಡೋಣ."

ಬರೆದು ಕೊಟ್ಟಳು. ಬೋರ್ಡು ಪ್ರಚಾರ ವಿಭಾಗದ್ದು, ಅವರಿಗೆ ಬರೆಯಿರಿ ಎಂದು ಉತ್ತರ ಬಂತು. ಪ್ರಚಾರ ವಿಭಾಗಕ್ಕೆ ಬರೆದರೆ, ಬೋರ್ಡು ನಮ್ಮದಾದರೂ ಗೋಡೆ ನಿಮ್ಮದು ಎಂದರು. ಗೋಡೆಯ ಎಂಜಿನಿಯರ್ ಕಚೇರಿಗೆ ಬರೆದರೆ, ಸದ್ದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಸದ್ದು ಯಾರ ವ್ಯಾಪ್ತಿಗೆ ಬರುತ್ತದೆಂದು ಕೇಳಿ ನಾಲ್ಕನೆಯ ಪತ್ರ ಬರೆದಳು. ಅದಕ್ಕೆ ಉತ್ತರವೇ ಬರಲಿಲ್ಲ.

ಅದರ ಬದಲು ಬಂದದ್ದು ಸ್ಪೀಕರು. ಸಾಹೇಬರಿಗೆ ಅದ್ಭುತ ಉಪಾಯವೊಂದು ಹೊಳೆದಿತ್ತು. ಆರನೆಯ ಬೋರ್ಡಿನ ಹಿಂದೆ ಪುಟ್ಟ ಸ್ಪೀಕರೊಂದನ್ನು ಸಿಕ್ಕಿಸಿ, ತಮ್ಮದೇ ದನಿಯನ್ನು ರೆಕಾರ್ಡು ಮಾಡಿಸಿ ಹಾಕಿದರು. ಯಾರು ಹತ್ತಿರ ಬಂದರೂ ಅದು ಸಾಹೇಬರ ಪಿಸುದನಿಯಲ್ಲಿ "ಸ್ವಾಗತ... ದಯವಿಟ್ಟು ಗೋಡೆ ಮುಟ್ಟಬೇಡಿ..." ಎನ್ನುತ್ತಿತ್ತು. ಗೈಡಮ್ಮ ಹಣೆ ಚಚ್ಚಿಕೊಂಡಳು.

ಅವಳ ತಾಳ್ಮೆಯ ಕಟ್ಟೆ ಒಡೆದದ್ದು ಒಂದು ಮುದಿ ಜೋಡಿಯಿಂದ. ಎರಡು ದಿನ ರೈಲಿನಲ್ಲಿ ಬಂದವರು ಅವರು. ಮದುವೆಯಾದ ಹೊಸದರಲ್ಲಿ ಇದೇ ಗೋಡೆಯಲ್ಲಿ ಏನೋ ಹೇಳಿಕೊಂಡಿದ್ದರಂತೆ, ಮತ್ತೊಮ್ಮೆ ಹೇಳಿಕೊಳ್ಳಬೇಕೆಂದು ಬಂದಿದ್ದರು. ಗಂಡ ಆ ಬದಿಗೆ ಹೋಗಿ ಗೋಡೆಗೆ ಬಾಯಿ ಇಟ್ಟ. ಹೆಂಡತಿ ಆರನೆಯ ಬೋರ್ಡಿನ ಬಳಿ ಕಣ್ಣು ಮುಚ್ಚಿ ಕಿವಿ ಕೊಟ್ಟಳು.

"ಏನಂದ್ರಂತೆ?" ಎಂದು ಗುಂಪಿನಲ್ಲಿ ಯಾರೋ ಕೇಳಿದರು.

"ಗೋಡೆ ಮುಟ್ಟಬೇಡಿ ಅಂದ್ರು" ಎಂದಳು ಆ ಮುದುಕಿ. ಗುಂಪು ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು, ಆದರೆ ಮೆಟ್ಟಿಲಿಳಿಯುವ ಮುಂಚೆ ಎರಡು ಸಲ ತಿರುಗಿ ಗೋಡೆಯತ್ತ ನೋಡಿದಳು.

ಅಂದು ಸಂಜೆ ಗೈಡಮ್ಮ ಮಾವನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಕೂಗಿ ಹೇಳಿದಳು. ಅರ್ಧ ಬೀದಿಗೆ ಕಥೆ ಗೊತ್ತಾಯಿತು. ಮಾವ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ತೂತು ಎಷ್ಟು ಆಳ?"

"ಸದ್ದು ಹೋಗಿದೆ ಅಂತಿದೀನಿ ಮಾವ!"

"ಅದೇ ಕಣಮ್ಮ. ತೂತು ಎಷ್ಟು ಆಳ ಹೊಡೆದಿದಾರೆ?"

ಮಾರನೆಯ ಬೆಳಗ್ಗೆ ಅವಳು ಚಪ್ಪಲಿ ಮೆಟ್ಟುವ ಹೊತ್ತಿಗೆ ಮಾವ ಆಗಲೇ ಹಳೇ ಸಲಕರಣೆಯ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದರು. ತಜ್ಞರು ಬರುವ ದಿನ ಅದೇ. ಬೇಡವೆಂದು ಅವಳು ಎಷ್ಟು ಕೂಗಿದರೂ ಅವರ ಕಿವಿಗೆ ಬೀಳಲಿಲ್ಲ. ಬೇಡವಾದ ಮಾತಿಗೆ ಅವರ ಕಿವಿ ಸದಾ ಒಂದು ಪಟ್ಟು ಹೆಚ್ಚೇ ಮಂದವಾಗುತ್ತಿತ್ತು. ಎಪ್ಪತ್ತೊಂಬತ್ತರ ಮಂಡಿಯಲ್ಲಿ ನೂರಾ ಹದಿನೆಂಟು ಮೆಟ್ಟಿಲು! ಪ್ರತಿ ತಿರುವಿನಲ್ಲೂ ನಿಂತು, ಗೋಡೆಗೆ ಅಂಗೈ ಒತ್ತಿ, "ಇಲ್ಲಿ ತೇವ ಇದೆ", "ಇಲ್ಲಿ ಸಿಮೆಂಟು ಮೆತ್ತಿದಾರೆ ಪಾಪಿಗಳು" ಎನ್ನುತ್ತ ಮೇಲೆ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು.

ಮೊದಲ ಬೋರ್ಡಿನ ಮುಂದೆ ನಿಂತ ಮಾವ ಅದರಲ್ಲಿ ಬರೆದದ್ದನ್ನು ನೋಡಲೇ ಇಲ್ಲ. ಅಂಚಿಗೆ ಬೆರಳು ತೂರಿಸಿ ಸಂದನ್ನು ಅಳೆದರು. ಸ್ಕ್ರೂವಿನ ಸುತ್ತ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದರ ಮೇಲೆ ಬೆರಳಾಡಿಸಿದರು. ಗಾಯ ಮುಟ್ಟಿ ನೋಡುವವರ ಮುಖ ಅವರದಾಗಿತ್ತು.

"ಸ್ಕ್ರೂ ತಿರುಗಿಸೋದು ಕೊಡು" ಎಂದರು.

ಗೈಡಮ್ಮ ಒಂದು ಕ್ಷಣ ಹಿಂದೆಮುಂದೆ ನೋಡಿದಳು. ನೌಕರಿಗೆ ಇನ್ನು ಆರು ವರ್ಷ ಬಾಕಿಯಿತ್ತು. ಆಮೇಲೆ ಆ ಮುದುಕಿಯ ನಗು ನೆನಪಾಯಿತು. ಕೆಳಗಿಳಿದು ಹೋಗಿ, ಹಾಜರಿ ಪುಸ್ತಕದಲ್ಲಿ "ಮೊಗಸಾಲೆಯ ಬೋರ್ಡುಗಳನ್ನು ನಾನು ತೆಗೆಸುತ್ತಿದ್ದೇನೆ" ಎಂದು ಬರೆದು, ವೇಳೆ ಹಾಕಿ ಸಹಿ ಮಾಡಿ ಬಂದಳು. ಮತ್ತೆ ಅಷ್ಟೂ ಮೆಟ್ಟಿಲು!

ಒಬ್ಬರು ಬಿಚ್ಚಿದರೆ ಇನ್ನೊಬ್ಬರು ಹಿಡಿದುಕೊಂಡರು. ಹನ್ನೊಂದನ್ನೂ ಇಳಿಸಿ ಕಟಕಟೆಗೆ ಒರಗಿಸಿಟ್ಟರು. ಸ್ಪೀಕರು ನೆಲಕ್ಕಿಳಿಯುವಾಗಲೂ "ಸ್ವಾಗತ" ಎನ್ನುತ್ತಿತ್ತು. ಅವಳು ಅದರ ತಂತಿ ಕಿತ್ತಳು.

ಮಾವನನ್ನು ಅಲ್ಲೇ ನಿಲ್ಲಿಸಿ ಅವಳು ಎದುರು ಬದಿಗೆ ಹೋದಳು. "ಮಾವ, ಏನಾದ್ರೂ ಹೇಳಿ!" ಎಂದು ಕೂಗಿದಳು. ಅವರು ತಿರುಗಿಯೂ ನೋಡಲಿಲ್ಲ. ಬೆನ್ನು ಹಾಕಿ, ಗೋಡೆಗೆ ಹಣೆ ತಾಕುವಂತೆ ಬಾಗಿ ತೂತುಗಳನ್ನು ಲೆಕ್ಕ ಹಾಕುತ್ತಿದ್ದರು. ಸಿಟ್ಟಿನಿಂದಲೇ ಅವಳು ಗೋಡೆಗೆ ಕಿವಿ ಇಟ್ಟಳು.

"...ಎಷ್ಟು ಚುಚ್ಚಿದಾರೆ ನೋಡು ನಿನಗೆ" ಎಂದಿತು ಗೋಡೆ, ಮಾವನ ದನಿಯಲ್ಲಿ, ಅವಳ ಕಿವಿಯಲ್ಲೇ. "ಇರಲಿ ಬಿಡು, ಮುಚ್ಚೋಣ. ಈ ಹುಡುಗಿ ಇಲ್ದಿದ್ರೆ ನಿನ್ನ ಕೇಳೋರೇ ಇರ್ಲಿಲ್ಲ. ಮನೇಲಿ ನನಗೋಸ್ಕರ ಕೂಗ್ತಾಳೆ, ಇಲ್ಲಿ ನಿನಗೋಸ್ಕರ ಹೊಡೆದಾಡ್ತಾಳೆ. ಗಂಟಲೆಲ್ಲ ಹಾಳಾಗಿದೆ. ನಾನು ಒಂದು ದಿನಾನಾದ್ರೂ ಹೇಗಿದೀಯಮ್ಮ ಅಂತ ಕೇಳಿದ್ನಾ? ಮುದಿ ಕತ್ತೆ ನಾನು."

ಗೈಡಮ್ಮ ಕದಲಲಿಲ್ಲ. ಗೋಡೆ ಕೆನ್ನೆಗೆ ತಣ್ಣಗಿತ್ತು.

"ಕೇಳಿಸ್ತು ಮಾವ" ಎಂದು ಮೆಲ್ಲಗೆ ಗೋಡೆಗೆ ಹೇಳಿದಳು. ಅತ್ತ ಮಾವನಿಗೆ ಅದು ಮುಟ್ಟುವಂತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ತಿರುಗಿ, ಗುಮ್ಮಟ ಅದುರುವಂತೆ, "ಏನಾದ್ರೂ ಕೇಳಿಸ್ತೇನಮ್ಮಾ?" ಎಂದು ಕೂಗಿದರು.

"ಕೇಳಿಸ್ತು!"

"ಏನು?"

"ಕೇಳಿಸ್ತು ಅಂದೆ!"

"ಕೇಳಿಸ್ಲಿಲ್ವಾ?"

"ಅಯ್ಯೋ ರಾಮ!" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಮೆಟ್ಟಿಲ ಬಾಗಿಲಲ್ಲಿ ಸಾಹೇಬರು ಕಾಣಿಸಿಕೊಂಡರು. ಒರಗಿಸಿಟ್ಟ ಬೋರ್ಡುಗಳನ್ನು ಕಂಡು ಅವರ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಸರ್ಕಾರಿ ಆಸ್ತಿ ಇದು! ಯಾರು ಹೇಳಿದ್ರು ನಿಮಗೆ..." ಎಂದು ಶುರು ಮಾಡಿದವರು ಹಿಂದೆ ಕಾಲಸಪ್ಪಳ ಕೇಳಿ ಗಪ್ಪನೆ ಬಾಯಿ ಮುಚ್ಚಿದರು. ತಜ್ಞರು ಬಂದೇಬಿಟ್ಟಿದ್ದರು. ಮುಂದಿದ್ದ ಬಿಳಿಗೂದಲಿನ ಹೆಂಗಸು ಯಾರ ಮಾತಿಗೂ ಕಾಯದೆ ಹೋಗಿ ಗೋಡೆಗೆ ಕಿವಿ ಕೊಟ್ಟಳು. ಗೈಡಮ್ಮ ಇತ್ತ ಕಡೆಯಿಂದ ಪಿಸುಗುಟ್ಟಿದಳು: "ನಮಸ್ಕಾರ. ನೂರಾ ಹದಿನೆಂಟು ಮೆಟ್ಟಿಲು ಹತ್ತಿ ಬಂದಿದೀರಿ, ಸುಸ್ತಾಯ್ತಾ?"

ಆ ಹೆಂಗಸು ಬೆಚ್ಚಿ ತನ್ನ ಹಿಂದೆ ನೋಡಿದಳು. ಆಮೇಲೆ ಮಗುವಿನ ಹಾಗೆ ನಕ್ಕಳು.

"ನಿಮಗೋಸ್ಕರ ಅಂತಲೇ ಬೋರ್ಡು ತೆಗೆಸಿದ್ವಿ ಮೇಡಂ" ಎಂದರು ಸಾಹೇಬರು, ಕ್ಷಣವೂ ತಡಮಾಡದೆ.

"ಈ ತೂತುಗಳು?"

"ಅವು ಹಳೇ ಕಾಲದವು. ಗೋಡೆಗೆ ಗಾಳಿಯಾಡಲಿ ಅಂತ."

ಅಷ್ಟರಲ್ಲಿ ಹತ್ತಿರ ಬಂದಿದ್ದ ಗೈಡಮ್ಮನಿಗೆ ತಡೆಯಲಾಗಲಿಲ್ಲ. "ಹೋದ ತಿಂಗಳು ಡ್ರಿಲ್ಲಿಂಗ್ ಮಷೀನಲ್ಲಿ ಹೊಡೆದದ್ದು ಮೇಡಂ. ನಲವತ್ತನಾಲ್ಕು. ಈ ಗಾರೆ ಮಾಡಿದವರು ಅಗೋ, ಅಲ್ಲಿ ನಿಂತಿದಾರೆ. ಮುಚ್ಚೋದು ಅವರಿಗೆ ಗೊತ್ತು."

ಮಾವನಿಗೆ ಮಾತು ಕೇಳಿಸದಿದ್ದರೂ, ಎಲ್ಲರೂ ತಮ್ಮತ್ತ ನೋಡುತ್ತಿರುವುದು ಕಂಡು ಚೀಲ ಎತ್ತಿ ತೋರಿಸಿದರು.

ಐದು ತಿಂಗಳ ಮೇಲೆ ಕಟ್ಟಡ ಪಟ್ಟಿಗೆ ಸೇರಿತು. ಪತ್ರಿಕೆಯಲ್ಲಿ ಸಾಹೇಬರ ಫೋಟೋ ಬಂತು. ಗೈಡಮ್ಮನಿಗೆ ಬಂದದ್ದು ಮೆಮೊ: ಅನುಮತಿಯಿಲ್ಲದೆ ಬೋರ್ಡು ಮುಟ್ಟಿದ್ದಕ್ಕೆ ಸಮಜಾಯಿಷಿ ಕೊಡತಕ್ಕದ್ದು. ಕೊಟ್ಟಳು. ಮೂರು ಪ್ರತಿಯಲ್ಲಿ ಇಲ್ಲವೆಂದು ವಾಪಸು ಬಂತು. ಮತ್ತೆ ಬರೆದಳು. ಆದರೆ ತಜ್ಞರ ವರದಿಯಲ್ಲಿ ಒಂದು ಸಾಲಿತ್ತು: ಗೋಡೆಗೆ ಇನ್ನು ಮುಂದೆ ಏನನ್ನೂ ಬಿಗಿಯಕೂಡದು, ತೂತುಗಳನ್ನು ಮೊದಲಿನ ವಿಧಾನದಲ್ಲೇ, ಅದನ್ನು ಬಲ್ಲವರಿಂದಲೇ ಮುಚ್ಚಿಸತಕ್ಕದ್ದು.

ಬಲ್ಲವರ ಕೈ ಈಗ ನಡುಗುತ್ತಿತ್ತು. ಹಾಗಾಗಿ ಗಾರೆ ಸವರುವ ಕರಣೆ ಗೈಡಮ್ಮನ ಕೈಗೆ ಬಂತು. ಬೆಳಗ್ಗೆ ಜನ ಬರುವ ಮುಂಚೆ ಎರಡು ಗಂಟೆ ಕೆಲಸ. ಒಂದೊಂದು ತೂತಿಗೂ ತೆಳ್ಳಗೆ ಆರು ಪದರ, ಒಂದು ಒಣಗಿದ ಮೇಲೆ ಇನ್ನೊಂದು, ಕೊನೆಗೆ ಕಲ್ಲಿನಿಂದ ಉಜ್ಜುವುದು. ಮಾವ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ತಪ್ಪು ಹುಡುಕುತ್ತಿದ್ದರು. "ಇದೇನು ಗಾರೆನೋ ನೀರೋ?" "ಮಣಿಕಟ್ಟು ತಿರುಗಿಸಮ್ಮ, ರೊಟ್ಟಿಗೆ ಬೆಣ್ಣೆ ಸವರ್ತಿದೀಯಾ?" ಅವಳು ಹಲ್ಲು ಕಡಿದುಕೊಂಡು ಕೆರೆದು ತೆಗೆದು ಮತ್ತೆ ತುಂಬುತ್ತಿದ್ದಳು.

ಮೂವತ್ತೊಂದನೆಯ ತೂತನ್ನು ಉಜ್ಜಿ ಮುಗಿಸಿದ ದಿನ, ಮಾವ ಅದರ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಸವರಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಸವರಿದರು. ಆಮೇಲೆ ಎದ್ದು, ಮಣೆಯನ್ನು ಮುಂದಿನ ತೂತಿನತ್ತ ಕಾಲಿನಿಂದ ತಳ್ಳಿದರು.

"ಸರಿಯಾಗಿದೆಯೋ ಇಲ್ವೋ, ಬಾಯಿಬಿಟ್ಟು ಹೇಳಿ ಮಾವ!" ಎಂದು ಗೈಡಮ್ಮ ರೇಗಿದಳು.

ಮಾವ ಆಗಲೇ ಮೂವತ್ತೆರಡನೆಯದರೊಳಗೆ ಕಡ್ಡಿ ಇಳಿಬಿಟ್ಟು ಆಳ ನೋಡುತ್ತಿದ್ದರು.