ಮುಹಯ್ಯೊಳ ಕಾರಿನ ಐದನೇ ತಗ್ಗು

೧

ಈ ಕಥೆಯನ್ನು ಕಾರಿನಿಂದ ಶುರುಮಾಡಬೇಕೋ, ಮುದುಕನಿಂದಲೋ, ಸತ್ತವಳಿಂದಲೋ ಎಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಸತ್ತವಳಿಂದ ಶುರುಮಾಡಿದರೆ ನೀವು ಮೊದಲ ಸಾಲಿಗೇ ಕರಗಿಬಿಡುತ್ತೀರಿ, ಆಮೇಲೆ ನನಗೆ ಕೆಲಸವೇ ಉಳಿಯುವುದಿಲ್ಲ. ಆದ್ದರಿಂದ ಕಾರು. ಬಿಳಿಯದು, ಪುಟ್ಟದು. ಕೋಕಂದ್ ಪಟ್ಟಣದ ನಮ್ಮ ಬೀದಿಯಲ್ಲಿ, ಸೋತ್ವೊಲ್ದಿಯ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ನಿಂತಿದೆ. (ಇಲ್ಲಿ ಕಾರೆಂದರೆ ಬಿಳಿಯದೇ. ಬಣ್ಣ ವರ್ಣಿಸಿ ಪುಟ ತುಂಬಿಸುವ ಅನುಕೂಲ ನನಗಿಲ್ಲ.)

ಸೋತ್ವೊಲ್ದಿಗೆ ಅರವತ್ತಾರು. ಜೀವಮಾನವಿಡೀ ತಗಡಿನ ಕೆಲಸ ಮಾಡಿದವನು. ಈಗ ಮನೆಯಲ್ಲೇ ಕೂತು ನೆರೆಹೊರೆಯವರ ಕಾರುಗಳ ಸಣ್ಣಪುಟ್ಟ ತಗ್ಗು ತೆಗೆಯುತ್ತಾನೆ. ಹೆಂಡತಿ ಹೋಗಿ ಬಹಳ ವರ್ಷವಾಯಿತು. ಮಗಳು ಮುಹಯ್ಯೊ ಹೋಗಿ ಹದಿಮೂರು ತಿಂಗಳು. ಕಾರು ಅವಳದು. ಇವತ್ತು ಬೆಳಿಗ್ಗೆ ಅದನ್ನು ತಂದು ನಿಲ್ಲಿಸಿದವನು ಅಳಿಯ ಹಿಕ್ಮತ್. ಮಾವನನ್ನು ಅವನೂ ಹೆಂಡತಿಯ ಹಾಗೆ 'ದಾದಾ' ಎನ್ನುತ್ತಾನೆ, ಅಂದರೆ ಅಪ್ಪ.

"ದಾದಾ, ಇದನ್ನ ದಿನಾ ನೋಡ್ಕೊಂಡು ಇರಕ್ಕೆ ನನ್ ಕೈಲಾಗ್ತಿಲ್ಲ. ಮಾರ್ಬಿಡ್ತೀನಿ. ನಾಳೆ ಒಬ್ರು ಬರ್ತಾರೆ. ತಗ್ಗು ನೀವೇ ತೆಗೀರಿ. ಬೇರೆಯವ್ರಿಗೆ ಕೊಟ್ರೆ ಬಣ್ಣ ಬಳಿದುಬಿಡ್ತಾರೆ."

ಬಳಿದರೇನು ಎಂದು ಕೇಳುತ್ತೀರಿ. ನೀವು ಇಲ್ಲಿ ಕಾರು ಮಾರಿಲ್ಲ. ಕೊಳ್ಳುವವನು ಎಂಜಿನ್ ನೋಡುವ ಮೊದಲು ಕೇಳುವ ಮಾತು ಒಂದೇ: "ತೋಜಾನಾ?" ನಮ್ಮ 'ತಾಜಾ'ದ ಒಡಹುಟ್ಟು ಈ ಪದ. ಶುದ್ಧ, ಕಲೆಯಿಲ್ಲದ್ದು ಎಂದರ್ಥ. ಕಾರಿಗೆ ಹೇಳಿದರೆ, ಕಾರ್ಖಾನೆಯ ಬಣ್ಣದ ಮೇಲೆ ಇನ್ನೊಬ್ಬನ ಬಣ್ಣ ಬಿದ್ದಿಲ್ಲ ಎಂದು. ಅಂಗೈಯಗಲ ಬಳಿದಿದ್ದರೂ ಅಳೆಯುವ ಯಂತ್ರ ಹಿಡಿದುಬಿಡುತ್ತದೆ. ತಗ್ಗು ಬಿದ್ದೂ ಬಣ್ಣ ಒಡೆದಿಲ್ಲವೆಂದರೆ, ಒಳಗಿನಿಂದ ಒತ್ತಿ ಸರಿಮಾಡಿದರೆ, ಕಾರು ಇನ್ನೂ ತೋಜಾ. ಸೋತ್ವೊಲ್ದಿಯ ಬದುಕೆಲ್ಲ ಈ ಒಂದು ಮಾತಿನ ಸುತ್ತ ತಿರುಗಿದೆ.

೨

ಮೊದಲ ಡ್ರಾಫ್ಟಿನಲ್ಲಿ ಮುಹಯ್ಯೊಳನ್ನು ಅಪಘಾತದಲ್ಲಿ ಸಾಯಿಸಿದ್ದೆ. ಕಾರಿನ ಕಥೆ ತಾನೇ, ಹೊಂದುತ್ತದೆ ಅಂದುಕೊಂಡೆ. ಸೋತ್ವೊಲ್ದಿ ಹಾಳೆಯೊಳಗಿಂದಲೇ ತಲೆಯೆತ್ತಿದ.

"ಏನಯ್ಯಾ ಇದು? ನನ್ ಮಗಳು ಕಾರಲ್ಲಿ ಸತ್ಲಾ?"

"ಕಥೆಗೆ ಸ್ವಲ್ಪ ಬಿಗಿ ಬರ್ಲಿ ಅಂತ..."

"ನಿನ್ ಕಥೆ ಮನೆ ಹಾಳಾಗ! ಕಿಡ್ನಿ ಹೋಗಿ ಸತ್ಲು. ಎರಡು ವರ್ಷ ನರಳಿದ್ಲು. ಅಷ್ಟನ್ನೂ ಒಂದೇ ಏಟಿಗೆ ಮುಗಿಸ್ಬಿಟ್ಯಲ್ಲ, ಬರೆಯೋಕೆ ಮೈಗಳ್ಳತನ ನಿಂಗೆ."

ಹೊಡೆದುಹಾಕಿದೆ. ಅವನು ಹೇಳಿದ್ದು ಸರಿಯಾಗಿತ್ತು.

೩

ಈಗ ಕೆಲಸ. ಸೋತ್ವೊಲ್ದಿ ಬಾಗಿಲ ಒಳಗಿನ ಹೊದಿಕೆ ಬಿಚ್ಚಿದ. ತಗ್ಗಿನ ಮೇಲೆ ಬಿಸಿನೀರು ಸುರಿದ, ಬಣ್ಣ ಬಿರಿಯದಿರಲಿ ಎಂದು. ತುದಿಗೆ ಬಟ್ಟೆ ಸುತ್ತಿದ ಬಾಗಿದ ಕಂಬಿಯನ್ನು ಒಳಗಿನಿಂದ ತೂರಿಸಿ, ಅಂಚಿನಿಂದ ನಡುವಿಗೆ ಒತ್ತುತ್ತಾ ಬಂದ. ಕಣ್ಣು ಮಾತ್ರ ಹೊರಗಿನ ಬಣ್ಣದ ಮೇಲೆ. ಅದರಲ್ಲಿ ಚಪ್ಪರದ ತಂತಿಗಳು ಕಾಣುತ್ತವೆ. ತಂತಿ ಬಾಗಿ ಕಂಡಲ್ಲಿ ತಗ್ಗಿದೆ, ನೆಟ್ಟಗಾದರೆ ಹೋಯಿತು.

ನಾಲ್ಕು ತಗ್ಗುಗಳೂ ಅವನಿಗೆ ಗೊತ್ತು. ಬಜಾರಿನಲ್ಲಿ ಕರಬೂಜದ ಗಾಡಿ ತಾಗಿದ್ದು ಒಂದು. ಇನ್ನು ಮೂರಂತೂ ಈ ಗೇಟಿನ ಕಂಬದ್ದೇ. ಪ್ರತಿಯೊಂದಕ್ಕೂ ಅವಳಿಗೆ ಸಹಸ್ರನಾಮ ಆಗಿತ್ತು. ಅವಳು ಕಾರಿನಿಂದ ಇಳಿಯುವ ಮೊದಲೇ ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದ. "ಕಣ್ಣು ಎಲ್ಲಿಟ್ಟಿದ್ಯೇ? ಈ ಬೀದೀಲಿ ಎಲ್ಲರ ಕಾರೂ ತೋಜಾ, ತಗಡಿನವನ ಮಗಳದ್ದು ಮಾತ್ರ ಹಳೇ ಬಕೆಟ್ಟು!" ಆಮೇಲೆ ಚಹಾ. ಪ್ರೀತಿ ಇರಲಿಲ್ಲವೆಂದು ತಿಳಿಯಬೇಡಿ. ಪ್ರೀತಿ ಎರಡನೆಯದಾಗಿ ಬರುತ್ತಿತ್ತು, ಅಷ್ಟೆ.

(ನಾಲ್ಕನೆಯ ಭಾಗ ತೆಗೆದುಹಾಕಿದ್ದೇನೆ. ಅದರಲ್ಲೊಂದು ಪಾರಿವಾಳವಿತ್ತು. ದುಃಖದ ಸಂಕೇತವಾಗಲು ಬಹಳ ಒದ್ದಾಡುತ್ತಿತ್ತು.)

೫

ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಮುಗಿದವು. ಕೈ ಒರೆಸಿಕೊಂಡು ಕಾರಿನ ಬಲಗಡೆಗೆ ಬಂದವನು ನಿಂತುಬಿಟ್ಟ. ಹಿಂಬಾಗಿಲ ಕೆಳಗೆ, ಬಣ್ಣದಲ್ಲಿ ಕಾಣುತ್ತಿದ್ದ ತಂತಿ ಸೊಟ್ಟಗಿತ್ತು. ಬೊಗಸೆಯಷ್ಟು ತಗ್ಗು. ಅವನು ಎಂದೂ ನೋಡಿರದದ್ದು.

"ಹಿಕ್ಮತ್‌ಜಾನ್, ಇದು ನೀನು ಮಾಡಿದ್ದಾ?"

ಹಿಕ್ಮತ್ ಕಟ್ಟೆಯ ಮೇಲೆ ಚಹಾದ ಬಟ್ಟಲು ಹಿಡಿದು ಕೂತಿದ್ದ. "ಇಲ್ಲ ದಾದಾ. ಅವಳದ್ದೇ."

"ಯಾವಾಗ?"

"ಹೋಗೋಕೆ ಒಂದು ವರ್ಷ ಮುಂಚೆ."

"ಸುಳ್ಳು. ಆ ವರ್ಷ ಅವಳು ಕಾರೇ ಓಡಿಸ್ಲಿಲ್ಲ. ಪ್ರತಿ ಶುಕ್ರವಾರ ನಡ್ಕೊಂಡೇ ಬರ್ತಿದ್ಲು. ನಾನೇ ಹೇಳ್ತಿದ್ದೆ, ನಡಿಯೋದು ಒಳ್ಳೇದು ಕಣೇ, ಅಂತ."

ಹಿಕ್ಮತ್ ಬಟ್ಟಲು ಕೆಳಗಿಟ್ಟ. ಇಲ್ಲಿ ಅವನ ಬಾಯಿ ಮುಚ್ಚಿಸಲು ನಾನು ಪ್ರಯತ್ನಪಟ್ಟೆ. ಬಾಗಿಲು ಬಡಿಸಿದೆ, ಫೋನ್ ರಿಂಗ್ ಮಾಡಿಸಿದೆ. ಕೇಳಲಿಲ್ಲ.

"ಕಾರಲ್ಲೇ ಬರ್ತಿದ್ಲು ದಾದಾ. ರೊಟ್ಟಿ ಭಟ್ಟಿ ಮೂಲೇಲಿ ಬಿಟ್ಟು ಅಲ್ಲಿಂದ ನಡ್ಕೊಂಡು ಬರ್ತಿದ್ಲು. ಈ ತಗ್ಗು ನೀವು ನೋಡ್ತೀರಾ ಅಂತ. ನಾನೇ ಬಿಡ್ತೀನಿ ಬಾ ಅಂದ್ರೂ ಕೇಳ್ತಿರ್ಲಿಲ್ಲ. 'ದಾದಾ ಬೈದ್ರೆ ತಡ್ಕೊಳ್ಳೋ ಶಕ್ತಿ ಈಗಿಲ್ಲ' ಅನ್ನೋಳು."

"ಅವಳ ಕಾಲು ಊದ್ಕೊಂಡಿತ್ತಲ್ಲೋ."

"ಹೌದು ದಾದಾ."

ಭಟ್ಟಿಯ ಮೂಲೆಯಿಂದ ಈ ಗೇಟಿಗೆ ನಾನೂರು ಹೆಜ್ಜೆ. ರೊಟ್ಟಿಯವನಿಗೆ ಗೊತ್ತಿತ್ತು. ಇಡೀ ಬೀದಿಗೆ ಗೊತ್ತಿತ್ತು. ಓದುಗರೇ, ಮೂರನೇ ಮನೆಯಲ್ಲಿರುವ ನನಗೂ ಗೊತ್ತಿತ್ತು. ಅವಳು ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಳ್ಳುವುದನ್ನು ಕಿಟಕಿಯಿಂದ ನೋಡಿದ್ದೇನೆ. ನನಗೇಕೆ ಊರ ಉಸಾಬರಿ ಎಂದು ಪರದೆ ಎಳೆದಿದ್ದೇನೆ. ಇಷ್ಟು ಹೊತ್ತು ಜಾಣತನದ ಆಟವಾಡುತ್ತಿದ್ದದ್ದು ಈ ಸಾಲಿಗೆ ಬರದಿರಲೆಂದೇ.

೬

ಮುಕ್ತಾಯ ಒಂದು: ಅವನು ಆ ತಗ್ಗನ್ನೂ ತೆಗೆಯುತ್ತಾನೆ. ನಾಳೆ ಬಂದವನ ಕೈ ಹಿಡಿದು "ತೋಜಾ" ಅನ್ನುತ್ತಾನೆ. ಅದು ನಿಜವೂ ಹೌದು.

ಮುಕ್ತಾಯ ಎರಡು: ತೆಗೆಯುವುದಿಲ್ಲ. ಕಾರನ್ನು ಮಾರಲು ಬಿಡುವುದಿಲ್ಲ. ಅಂಗಳದಲ್ಲೇ ಇಟ್ಟುಕೊಳ್ಳುತ್ತಾನೆ. (ಸಂಪಾದಕರಿಗೆ ಇದು ಇಷ್ಟವಾಗುತ್ತದೆ. ನನಗೆ ನಾಚಿಕೆಯಾಗುತ್ತದೆ.)

ಎರಡನ್ನೂ ಸೋತ್ವೊಲ್ದಿಗೆ ಓದಿ ಹೇಳಿದೆ. ಅವನು ನೆಲದ ಮೇಲೆ, ಆ ತಗ್ಗಿನ ಎದುರಿಗೇ ಕೂತಿದ್ದ.

"ತಗ್ಗು ಏನಾದ್ರೂ ಆಗ್ಲಿ, ಬಿಡಯ್ಯಾ. ನೀನು ಬರೆಯೋನು ತಾನೇ? ಒಂದೇ ಒಂದು ಸಲ ಅವಳು ಕಾರಲ್ಲೇ ಒಳಗೆ ಬರೋ ಹಾಗೆ ಬರಿ. ನಾನೇನೂ ಅನ್ನಲ್ಲ. ರೊಟ್ಟಿ ಮುಟ್ಟಿ ಆಣೆ ಮಾಡ್ತೀನಿ."

ಬರೆದೆ. ಶುಕ್ರವಾರ. ಸೋತ್ವೊಲ್ದಿ ಗೇಟಿನ ಎರಡೂ ಬಾಗಿಲು ತೆರೆದ. ಕಾರು ಒಳಗೆ ಬಂತು. ಮುಹಯ್ಯೊ ಗಾಜು ಇಳಿಸಿ "ದಾದಾ" ಅಂದಳು. ಅವನು ತುಟಿ ಬಿಚ್ಚಲಿಲ್ಲ, ಕೊಟ್ಟ ಮಾತು ಉಳಿಸಿಕೊಂಡ. ಆದರೆ ಅವನ ಕಣ್ಣು ಮಗಳ ಮುಖಕ್ಕಿಂತ ಮೊದಲು ಹಿಂಬಾಗಿಲಿಗೆ ಹೋಯಿತು. ಅವಳು ಅದನ್ನು ನೋಡಿದಳು.

ಆ ಸಾಲನ್ನು ಆರು ಸಲ ಹೊಡೆದು ಬರೆದೆ. ಕಾರನ್ನು ಬೇರೆ ದಿಕ್ಕಿನಿಂದ ತಂದೆ. ಅವನ ಕನ್ನಡಕವನ್ನೇ ಕಿತ್ತುಕೊಂಡೆ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅವನು ನನ್ನ ಬೆನ್ನ ಹಿಂದೆ ನಿಂತು ಗೋಗರೆಯುತ್ತಿದ್ದಾನೆ: "ಇನ್ನೊಂದ್ಸಲ ಬರಿಯಪ್ಪಾ, ಈ ಸಲ ನೋಡಲ್ಲ, ಇನ್ನೊಂದೇ ಸಲ." ಹೊಸ ಹಾಳೆ ತೆಗೆದಿದ್ದೇನೆ. ಕಾರು ಗೇಟಿನ ಹೊರಗಿದೆ. ಅವಳು ಎಂಜಿನ್ ಆರಿಸಿಲ್ಲ, ಒಳಗೆ ಬರಲೋ ಬೇಡವೋ ಎಂದು ಅಪ್ಪನ ಕಣ್ಣನ್ನೇ ನೋಡುತ್ತಿದ್ದಾಳೆ.